ನಡೆಯೋದು ಕಲಿಯೋಕೆ ಮೂರು ಕ್ರೆಡಿಟ್

ಒಪ್ಪಿಗೆ ಪತ್ರ ಹಿಡಿದು ಹೋದಾಗ ಅಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಇದೆಂಥ ಓದು ಅಂತ ಕೇಳಿದಳು. ಬೆಟ್ಟ ಹತ್ತೋದು, ನಕ್ಷೆ ನೋಡಿಕೊಂಡು ಓಡೋದು, ಹೊಳೆಯಲ್ಲಿ ರಾಫ್ಟ್ ನಡೆಸೋದು, ಇದಕ್ಕೆಲ್ಲ ಸೇರಿ ಮೂರು ಕ್ರೆಡಿಟ್ ಅಂದೆ. ಅಮ್ಮ ಮೊರ ಕೆಳಗಿಟ್ಟಳು.

"ನಾನು ದಿನಾ ಹತ್ತಿ ಇಳೀತೀನಲ್ಲ, ನಂಗೆ ಎಷ್ಟು ಕೊಡ್ತಾರಂತೆ?"

ಇಬ್ಬರೂ ನಕ್ಕೆವು. ಸಹಿ ಸಿಕ್ಕಿತು. ಅದು ಆಗಸ್ಟ್ ತಿಂಗಳು. ಈಗ ಸೆಮಿಸ್ಟರ್ ಮುಗಿದಿದೆ. ಜೂನಿಯರ್‌ಗಳು ಒಬ್ಬೊಬ್ಬರಾಗಿ ಬಂದು ಕೇಳುತ್ತಿದ್ದಾರೆ. ಅಕ್ಕ, ಆ ಹೊರಾಂಗಣ ಕ್ರೀಡೆ ಪೇಪರ್ ತಗೊಳ್ಳಬಹುದಾ, ಎಷ್ಟು ಖರ್ಚು, ಈಜು ಬರಲೇಬೇಕಾ ಅಂತ. ಪ್ರತಿಯೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದಿಡುತ್ತಿದ್ದೇನೆ.

ನನ್ನ ಬಗ್ಗೆ ಮೊದಲು ಎರಡು ಮಾತು. ಸುಂಟಿಕೊಪ್ಪದ ಹತ್ತಿರ ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರಿಗೆ ಸಾಲಾಗಿ ಕಟ್ಟಿಕೊಟ್ಟ ಮನೆಯಲ್ಲಿ, ಬೆಳೆದವಳು. ಅಮ್ಮ ಪಿರಿಯಾಪಟ್ಟಣ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದಳು. ಕೊಡಗಿನವಳು ಅಂದ ತಕ್ಷಣ ಹೊರಗಿನವರು ಹಾಕಿ ಆಡ್ತೀಯಾ ಅಂತ ಕೇಳುತ್ತಾರೆ. ಇಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ನಾನು ಗ್ಯಾಲರಿಯಲ್ಲಿ ಕೂತು ನೋಡಿದ್ದೇನೆ ಅಷ್ಟೆ. ಅಲ್ಲಿ ತಂಡಕ್ಕೆ ಮನೆತನದ ಹೆಸರೇ ಹೆಸರು. ಅಜ್ಜನೂ ಮೊಮ್ಮಗಳೂ ಒಂದೇ ಜೆರ್ಸಿಯಲ್ಲಿ ಓಡುವುದನ್ನು ಕಂಡರೆ ಹೊಟ್ಟೆಕಿಚ್ಚು ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಶಾಲೆಯಲ್ಲಿ ಆಟದ ಪೀರಿಯಡ್ ಅಂದರೆ ನನಗೆ ಮರದ ಕೆಳಗೆ ಕೂರುವ ಪೀರಿಯಡ್. ಎಂ.ಎ. ಮೂರನೇ ಸೆಮಿಸ್ಟರ್‌ನಲ್ಲಿ ನನಗೆ ಬೇಕಿದ್ದ ಓಪನ್ ಇಲೆಕ್ಟಿವ್ (ಬೇರೆ ವಿಭಾಗದಿಂದ ಆರಿಸಿಕೊಳ್ಳುವ ಪೇಪರ್) ಭರ್ತಿಯಾಗಿತ್ತು. ಉಳಿದದ್ದು ಇದೊಂದೇ. ಆಸೆಪಟ್ಟು ಸೇರಿದವಳಲ್ಲ ನಾನು.

ಮೊದಲ ತಲೆನೋವು ಕಾಗದಪತ್ರ. ಆಧಾರ್ ಪ್ರತಿ, ಎರಡು ಫೋಟೋ, ರಕ್ತದ ಗುಂಪಿನ ಚೀಟಿ, ವೈದ್ಯರಿಂದ ಫಿಟ್‌ನೆಸ್ ಪತ್ರ, ಮನೆಯವರ ಒಪ್ಪಿಗೆ. ಒಪ್ಪಿಗೆ ಪತ್ರವನ್ನು ಛಾಪಾ ಕಾಗದದಲ್ಲೇ ಬರೆಸಬೇಕು ಅಂತ ಹಾಸ್ಟೆಲ್‌ನಲ್ಲಿ ಯಾರೋ ಹೇಳಿದರು. ನಂಬಿಕೊಂಡು ಕುಶಾಲನಗರಕ್ಕೆ ಹೋದೆ. ಕಾಗದ, ಟೈಪಿಂಗ್ ಸೇರಿ 180 ರೂಪಾಯಿ ಹೋಯಿತು. ಆಫೀಸಿನಲ್ಲಿ ಅದನ್ನು ನೋಡಿದ ಗುಮಾಸ್ತರು, "ಇದು ಯಾಕಮ್ಮ, ಬಿಳಿ ಹಾಳೆ ಸಾಕಿತ್ತು" ಅಂದರು. ಯಾರ ಮಾತನ್ನೂ ಕೇಳಬೇಡಿ, ಮೊದಲು ಆಫೀಸಿನಲ್ಲಿ ಕೇಳಿ.

ಅದಾದ ಮೇಲೆ ಇನ್ನೊಂದು. ಫಾರಂನಲ್ಲಿ ಇದ್ದದ್ದು 'ತಂದೆಯ ಸಹಿ' ಅನ್ನುವ ಒಂದೇ ಗೆರೆ. ಅಪ್ಪ ಹೋಗಿ ಆರು ವರ್ಷ. ಅಮ್ಮ ಆ ಗೆರೆಯ ಮೇಲೆಯೇ ತನ್ನ ಹೆಸರು ಬರೆದಿದ್ದಳು. ಹಾಗಾದರೆ ಮರಣ ಪ್ರಮಾಣ ಪತ್ರದ ಪ್ರತಿ ಲಗತ್ತಿಸಿ ಅಂದರು. ಬೆಟ್ಟ ಹತ್ತುವುದಕ್ಕೆ ಅಪ್ಪ ಸತ್ತಿದ್ದಾರೆ ಅಂತ ದಾಖಲೆ ಕೊಡಬೇಕಾದ್ದು ಆವತ್ತು ತುಂಬ ನೋಯಿಸಿತು. ಕಾರಿಡಾರಿನ ಕೊನೆಯಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆ. ಆಮೇಲೆ ಈ ಪೇಪರ್ ಪಾಠ ಮಾಡುವ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಸರ್‌ಗೆ ಹೇಳಿದೆ. ಅವರು ಮರುಮಾತಿಲ್ಲದೆ 'ತಂದೆ' ಅನ್ನುವುದನ್ನು ಹೊಡೆದು ಮೇಲೆ 'ಪೋಷಕರು' ಅಂತ ಬರೆದು ತಮ್ಮ ಸಹಿ ಹಾಕಿದರು. ನಿಮಗೂ ಹಾಗೇನಾದರೂ ಆದರೆ ನೇರ ಪಾಠ ಮಾಡುವವರ ಹತ್ತಿರ ಹೋಗಿ.

ಫಿಟ್‌ನೆಸ್ ಪತ್ರಕ್ಕೆ ಸರ್ಕಾರಿ ಆಸ್ಪತ್ರೆಗೆ ಹೋದೆ. ಬೆಳಿಗ್ಗೆ ಒಂಬತ್ತಕ್ಕೆ ಸಾಲಿನಲ್ಲಿ ನಿಂತವಳು ಡಾಕ್ಟರ ಮುಂದೆ ಕೂತಾಗ ಹನ್ನೆರಡೂವರೆ. ಬಿ.ಪಿ., ಎದೆ ಬಡಿತ ಎಲ್ಲ ಸರಿ ಇತ್ತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದವರು ರಕ್ತ ಪರೀಕ್ಷೆಗೆ ಬರೆದರು. ಹಿಮೋಗ್ಲೋಬಿನ್ 9.4 ಬಂತು. ನಮ್ಮಂಥ ಹೆಣ್ಣುಮಕ್ಕಳಿಗೆ 12 ಇರಬೇಕು.

"ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ?" ಅಂತ ಕೇಳಿದರು. ಬರುತ್ತೆ ಅಂದೆ. ಅದು ಎಲ್ಲರಿಗೂ ಬರುತ್ತದೆ ಅಂತಲೇ ಅಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷ ನನ್ನನ್ನು ನಾನು ಸೋಮಾರಿ ಅಂತ ಬೈದುಕೊಂಡಿದ್ದೆ. ಕಾರಣ ರಕ್ತದಲ್ಲಿತ್ತು. ಈ ಕೋರ್ಸಿನಿಂದ ಇದೊಂದೇ ಸಿಕ್ಕಿದ್ದರೂ ನನಗೆ ಸಾಕಿತ್ತು.

ಡಾಕ್ಟರು ಮೈದಾನದ ಅಭ್ಯಾಸಕ್ಕೆ ಮಾತ್ರ ಸಹಿ ಹಾಕಿದರು. ಬೆಟ್ಟಕ್ಕೆ ಬೇಡ, ಒಂದು ತಿಂಗಳು ಕಬ್ಬಿಣದ ಮಾತ್ರೆ ತಗೊಂಡು ಬಾ, ಆಮೇಲೆ ನೋಡೋಣ ಅಂದರು. ಮಾತ್ರೆಗೆ ದುಡ್ಡಿಲ್ಲ, ಅಲ್ಲೇ ಕೊಟ್ಟರು. ಹೊರಡುವಾಗ ಕರೆದು ಕೇಳಿದರು, "ದಿನಕ್ಕೆ ಎಷ್ಟು ಕಾಫಿ ಕುಡೀತೀಯಮ್ಮ?" ತೋಟದ ಮನೆಯಲ್ಲಿ ಅದನ್ನು ಯಾರು ಎಣಿಸುತ್ತಾರೆ? ಊಟವಾದ ತಕ್ಷಣ ಒಂದು ಲೋಟ ಬೇಕೇ ಬೇಕು. ಕಾಫಿ, ಟೀ ಎರಡೂ ಊಟದಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತವಂತೆ. ಊಟಕ್ಕೂ ಮಾತ್ರೆಗೂ ಹಿಂದೆ ಮುಂದೆ ಒಂದು ಗಂಟೆ ಬಿಟ್ಟು ಕುಡಿ, ಮಾತ್ರೆಯ ಜೊತೆ ನಿಂಬೆಹಣ್ಣಿನ ನೀರು ತಗೋ, ಚೆನ್ನಾಗಿ ಹತ್ತುತ್ತದೆ ಅಂದರು. ಕಾಫಿಯಿಂದಲೇ ಬದುಕುವ ಮನೆಯಲ್ಲಿ ಕಾಫಿಯ ಮೇಲೆಯೇ ದೂರು. ಇನ್ನೊಂದು ವಿಷಯ, ಮಾತ್ರೆ ಶುರು ಮಾಡಿದ ಮೇಲೆ ಮಲ ಕಪ್ಪಾಗುತ್ತದೆ, ಹೊಟ್ಟೆಯೂ ಕಟ್ಟುತ್ತದೆ. ನಾನು ಹೆದರಿ ಎರಡು ದಿನ ನಿಲ್ಲಿಸಿಬಿಟ್ಟಿದ್ದೆ. ನೀವು ಹಾಗೆ ಮಾಡಬೇಡಿ, ಹೋಗಿ ಕೇಳಿ. ತಿಂಗಳಾದ ಮೇಲೆ 10.9 ಬಂತು. ಬೆಟ್ಟದ ಗೆರೆಗೂ ಸಹಿ ಬಿತ್ತು.

ಬಸ್ಸಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್‌ಗೆ ದುಡ್ಡಿಲ್ಲ ನಿಜ. ನಮ್ಮ ಕಡೆ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸೇ. ಚಿಲ್ಲರೆ ಇಟ್ಟುಕೊಳ್ಳಿ.

ತರಗತಿ ಶನಿವಾರ ಬೆಳಿಗ್ಗೆ ಆರೂವರೆಗೆ ಅಂತ ಇತ್ತು. ವಾರದ ನಡುವೆ ಹಾಸ್ಟೆಲ್‌ನಲ್ಲಿ ಇರುತ್ತಿದ್ದೆ, ಶುಕ್ರವಾರ ಸಂಜೆ ಮನೆಗೆ ಬರುತ್ತಿದ್ದೆ. ಶನಿವಾರ ಲೈನ್ ಮನೆಯಿಂದ ಟಾರು ರಸ್ತೆಗೆ ಬರಬೇಕಾದರೆ ತೋಟದೊಳಗೆ ಇಪ್ಪತ್ತು ನಿಮಿಷದ ದಾರಿ. ಆ ಹೊತ್ತಿಗೆ ಆನೆಗಳು ರಾತ್ರಿಯೆಲ್ಲ ಹಲಸು, ಬಾಳೆ ಮೇಯ್ದು ಇನ್ನೂ ಕಾಡಿಗೆ ಹಿಂತಿರುಗಿರುವುದಿಲ್ಲ. ಮೊದಲ ಶನಿವಾರ ಐದೂವರೆಗೆ ಹೊರಟವಳನ್ನು ಅಮ್ಮ ಹೊಸ್ತಿಲಲ್ಲೇ ತಡೆದಳು. ಕೆಳಗಿನ ಬ್ಲಾಕಿನಲ್ಲಿ ಮೂರು ಇವೆ ಅಂತ ವಾಟ್ಸಾಪ್ ಗುಂಪಿಗೆ ಸಂದೇಶ ಬಂದಿತ್ತು. ಹಾಜರಾತಿ ಹೋಯಿತು. ಎರಡನೇ ವಾರವೂ ಅದೇ ಕಥೆ. ಕ್ಲಾಸಿನ ಮೈಸೂರಿನ ಹುಡುಗನೊಬ್ಬ ಇದನ್ನು ಒಳ್ಳೆ ನೆಪ ಅಂದುಕೊಂಡ. ಕೊನೆಗೆ ನಾವು ನಾಲ್ಕು ತೋಟದ ಹುಡುಗಿಯರು ಸೇರಿ ಅರ್ಜಿ ಬರೆದೆವು. ಸಮಯ ಎಂಟಕ್ಕೆ ಹೋಯಿತು. ಕೇಳಿದರೆ ಬದಲಾಗುತ್ತದೆ. ನಾವು ಕೇಳಿದ್ದೇ ತಡವಾಗಿ.

ಮೊದಲ ಪಾಠಕ್ಕೆ ಓಟವೇ ಇರಲಿಲ್ಲ, ಅದು ನನಗೆ ಆಶ್ಚರ್ಯ. ಮೈದಾನದ ಸುತ್ತ ನಡೆಯಿರಿ ಅಂದರು ಸರ್. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಹೋದರೆ ಉಸಿರು ಸಾಲಬಾರದು. ಅದೇ ಸರಿಯಾದ ವೇಗವಂತೆ. ಯಂತ್ರ ಬೇಡ, ವಾಚು ಬೇಡ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕಡಿಮೆಯೆಂದರೆ 150 ನಿಮಿಷ ಇಂಥ ಚಟುವಟಿಕೆ ಬೇಕು ಅನ್ನುತ್ತದೆ. ಎದ್ದು ಬಿದ್ದು ಓಡುವ ಥರದ್ದಾದರೆ 75 ಸಾಕು. ಹಾಡಿ ನೋಡುವ ಪರೀಕ್ಷೆಯಲ್ಲಿ ನನಗೆ ಎರಡನೇ ಸುತ್ತಿಗೇ ಮಾತೂ ನಿಂತಿತು.

ಶೂ ಬಗ್ಗೆ ಎಲ್ಲರೂ ಕೇಳುತ್ತಾರೆ. 1,150 ರೂಪಾಯಿ ಕೊಟ್ಟು ಅಂಗಡಿಯವನು ಟ್ರೆಕ್ಕಿಂಗ್ ಶೂ ಅಂದದ್ದನ್ನು ತಂದೆ. ಮೂರನೇ ಶನಿವಾರ ಕೆಸರು ಅದರ ಅಟ್ಟೆಯನ್ನು ಕಿತ್ತು ಇಟ್ಟುಕೊಂಡಿತು. ಚಮ್ಮಾರರ ಹತ್ತಿರ 80 ರೂಪಾಯಿಗೆ ಹೊಲಿಸಿದೆ, ಕೊನೆಯವರೆಗೂ ಬಂತು. ಸಂಜೆ ಹೊತ್ತು ಹೋಗಿ ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಹೊಸ ಶೂ ಹಾಕಿಕೊಂಡು ನೇರ ಬೆಟ್ಟಕ್ಕೆ ಹೋಗಬೇಡಿ.

ಆಮೇಲೆ ಇಂಬಳ, ಅಂದರೆ ಕಾಡಿನ ಜಿಗಣೆ. ನನಗೆ ಹೊಸದಲ್ಲ, ಊರ ಹೊರಗಿನಿಂದ ಬಂದವರಿಗೆ ಮಾತ್ರ ಇದೇ ದೊಡ್ಡ ಭಯ. ಹಿಡಿದು ಎಳೆಯಬೇಡಿ. ಅದು ಕಚ್ಚಿರುವ ಕಡೆ ಉಗುರು ತೂರಿಸಿ ಪಕ್ಕಕ್ಕೆ ತಳ್ಳಿದರೆ ಬಿಡುತ್ತದೆ. ಬಿಟ್ಟ ಮೇಲೂ ರಕ್ತ ಸುಮಾರು ಹೊತ್ತು ನಿಲ್ಲುವುದಿಲ್ಲ, ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಎಂಜಲಿನಲ್ಲಿದೆ. ತೊಳೆದು ಬಟ್ಟೆ ಒತ್ತಿ ಹಿಡಿಯಿರಿ, ಅಷ್ಟೆ. 9.4 ಇದ್ದವಳಿಗೆ ಒಂದೊಂದು ಹನಿಗೂ ಸಂಕಟ ಆಗುತ್ತಿತ್ತು ಅನ್ನುವುದು ಬೇರೆ ಮಾತು.

ನನಗೆ ಅತಿ ಹೆಚ್ಚು ಇಷ್ಟವಾದದ್ದು, ಅತಿ ಹೆಚ್ಚು ಮರ್ಯಾದೆ ಹೋದದ್ದು ಎರಡೂ ಓರಿಯೆಂಟೀರಿಂಗ್‌ನಲ್ಲಿ. ಕೈಯಲ್ಲಿ ನಕ್ಷೆ, ದಿಕ್ಸೂಚಿ. ಕ್ಯಾಂಪಸ್ಸಿನ ಪೊದೆ, ಬಂಡೆ, ಮೋರಿಗಳ ಹತ್ತಿರ ಕಿತ್ತಳೆ ಬಿಳಿ ಬಣ್ಣದ ಗುರುತುಗಳು. ಅವನ್ನೆಲ್ಲ ಕ್ರಮವಾಗಿ ಮುಟ್ಟಿ ವಾಪಸ್ ಬರಬೇಕು. ಸ್ವೀಡನ್ನಿನ ಸೈನಿಕರ ಅಭ್ಯಾಸವಾಗಿ ಹುಟ್ಟಿದ್ದು, 1897ರಲ್ಲಿ ನಾರ್ವೆಯಲ್ಲಿ ಎಲ್ಲರೂ ಭಾಗವಹಿಸುವ ಸ್ಪರ್ಧೆಯಾಯಿತು. ಎಪ್ಪತ್ತು ವರ್ಷದವರೂ ಆಡುತ್ತಾರಂತೆ, ಅವರ ವಯಸ್ಸಿಗೆ ಬೇರೆ ದಾರಿಯೇ ಇರುತ್ತದಂತೆ.

ಒಂದು ವರ್ಷದಿಂದ ಓಡಾಡಿದ ಕ್ಯಾಂಪಸ್, ಕಣ್ಣು ಮುಚ್ಚಿಕೊಂಡು ಹೋಗ್ತೀನಿ ಅಂದುಕೊಂಡೆ. ಮೊದಲ ಗುರುತು ಸಿಕ್ಕಿತು. ಎರಡನೆಯದಕ್ಕೆ ಗೇಟಿನ ಹತ್ತಿರ ನಿಂತು ದಿಕ್ಸೂಚಿ ನೋಡಿದೆ. ಅದು ತೋರಿಸಿದ ಕಡೆ ನಡೆದೆ, ನಡೆದೆ, ಕೊನೆಗೆ ಕ್ಯಾಂಟೀನಿನ ಹಿಂದೆ ಪಾತ್ರೆ ತೊಳೆಯುವಲ್ಲಿ ಹೋಗಿ ನಿಂತೆ. ಗೇಟು ಕಬ್ಬಿಣದ್ದು, ಮುಳ್ಳನ್ನು ತನ್ನ ಕಡೆ ಎಳೆದಿತ್ತು. ಫೋನ್ ಹತ್ತಿರ ಇದ್ದರೂ ಹೀಗೇ ಆಗುತ್ತದೆ.

ಸರ್ ಬೈಯಲಿಲ್ಲ. ಮುಳ್ಳಿನ ಮೇಲೆ ನಂಬಿಕೆ ಇಲ್ಲದಾಗ ನೆಲದ ಮೇಲೆ ಉದ್ದಕ್ಕೆ ಹೋಗುವ ಏನಾದರೊಂದನ್ನು ಹಿಡಿ ಅಂದರು. ಬೇಲಿ, ಕಾಲುದಾರಿ, ನೀರಿನ ಹಳ್ಳ. "ಇಲ್ಲಿ ಹಳ್ಳ ಹಿಡಿದವರೇ ಪಾರಾಗೋದು ಕಣಮ್ಮ" ಅಂದಾಗ ಇಡೀ ಕ್ಲಾಸು ನಕ್ಕಿತು. ಮುಂದಿನ ಶನಿವಾರ ನಾನು ಹಳ್ಳವನ್ನೇ ಹಿಡಿದೆ. ಎಂಟಕ್ಕೆ ಎಂಟೂ ಗುರುತು ಸಿಕ್ಕವು. ಓಟದಲ್ಲಿ ಸದಾ ಮುಂದಿರುವ ಮೈಸೂರಿನ ಹುಡುಗ ನನ್ನ ನಂತರ ಬಂದ. ಆವತ್ತು ಮಧ್ಯಾಹ್ನದ ಊಟ ಬಹಳ ರುಚಿಯಾಗಿತ್ತು.

ಬೆಟ್ಟ ಅಂದರೆ ತಡಿಯಂಡಮೋಳ್. 1,748 ಮೀಟರ್, ಕೊಡಗಿನಲ್ಲೇ ಎತ್ತರದ್ದು. ಸೆಪ್ಟೆಂಬರ್ ಕೊನೆಗೆ ನಿಗದಿಯಾಗಿದ್ದು ಮಳೆಯಿಂದ ಮುಂದೆ ಹೋಯಿತು. ಎರಡನೇ ಸಲ ದಾರಿಯಲ್ಲಿ ಆನೆ ಹಿಂಡು. ಮೂರನೇ ಸಲ ತಡೆದದ್ದು ನನ್ನ ಹೆಸರು. ಅರಣ್ಯ ಇಲಾಖೆಯ ಅನುಮತಿಗೆ ಕೊಟ್ಟ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಅಕ್ಷರ ಜಾಸ್ತಿ, ಆಧಾರ್‌ನಲ್ಲಿ ಒಂದು ಕಡಿಮೆ. ಚೆಕ್‌ಪೋಸ್ಟಿನಲ್ಲಿ ಮುಕ್ಕಾಲು ಗಂಟೆ ಎಲ್ಲರೂ ನನ್ನಿಂದಾಗಿ ಕಾದರು. ಪಟ್ಟಿ ಕಳಿಸುವ ಮೊದಲು ನಿಮ್ಮ ಹೆಸರನ್ನು ಆಧಾರ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ನೋಡಿ. ಚೀಲ ಬಿಚ್ಚಿಸಿ ಪ್ಲಾಸ್ಟಿಕ್ಕನ್ನೂ ನೋಡಿದರು. ಚಿತ್ರಾನ್ನವನ್ನು ಬಾಳೆ ಎಲೆಯಲ್ಲಿ ಕಟ್ಟಿಕೊಟ್ಟಿದ್ದ ಅಮ್ಮನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಹಿಂದಿನ ದಿನ ನಮ್ಮಿಂದ ಲೆಕ್ಕ ಹಾಕಿಸಿದ್ದರು. ನೇಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಬೆಟ್ಟದ ಹುಚ್ಚಿನವರು 1892ರಲ್ಲಿ ಹೇಳಿದ ಸೂತ್ರ ಅದು. 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಕ್ಷೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ದಾರಿಯ ಮೇಲೆ ದಾರವಿಟ್ಟು ಅಳೆದೆವು. ಮೂರು ಗಂಟೆ ಸಾಕು ಅಂತ ಬಂತು. ಆದದ್ದು ನಾಲ್ಕೂವರೆ. ಕೆಸರು, ಇಂಬಳ, ಫೋಟೋ ಇವು ಯಾವುವೂ ನೇಸ್ಮಿತರ ಲೆಕ್ಕದಲ್ಲಿ ಇಲ್ಲ.

ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ ಬೆಟ್ಟದ ಬುಡದಲ್ಲಿದೆ. ಅಲ್ಲಿಂದ ಮೇಲೆ ತೋಟ, ಕಾಡು, ಆಮೇಲೆ ಹುಲ್ಲುಗಾವಲು. ದೊಡ್ಡ ಬಂಡೆಯ ತನಕ ಹಾಡಿನ ಲೆಕ್ಕದಲ್ಲೇ ನಡೆದೆ. ಅಲ್ಲಿಂದ ಏರು ಕಡಿದಾಯಿತು. ಶೋಲಾ ಕಾಡಿನ (ಬೆಟ್ಟದ ಸಂದಿಯಲ್ಲಿ ಬೆಳೆಯುವ ದಟ್ಟ ಕಾಡು) ಒಳಗೆ ಬೇರು ಹಿಡಿದು ಹತ್ತುವಾಗ ಎದೆ ಡವಡವ ಅನ್ನುತ್ತಿತ್ತು. ಕೂತೆ. ಯಾರೂ ಬೇಗ ಬಾ ಅನ್ನಲಿಲ್ಲ. ಎದ್ದೆ. ತುದಿಯಲ್ಲಿ ಮಂಜು, ಹತ್ತು ಅಡಿ ಆಚೆ ಏನೂ ಕಾಣಲಿಲ್ಲ. ಫೋಟೋದಲ್ಲಿ ನೋಡಿದ ಹಸಿರು ಅಲೆಗಳಿಗಾಗಿ ಬಂದವರಿಗೆ ಬೇಸರ. ನಾನು ಮಂಜಿನೊಳಗೆ ಕೂತು ಚಿತ್ರಾನ್ನ ತಿಂದೆ.

ಇಳಿಯುವಾಗ ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತೊಡೆ ಬ್ರೇಕ್ ಹಾಕುತ್ತಲೇ ಇರುತ್ತದೆ. ಆವತ್ತು ನೋವಿಲ್ಲ, ಮಾರನೇ ದಿನ, ಅದರ ಮಾರನೇ ದಿನ ಬರುತ್ತದೆ. ಸೋಮವಾರ ಹಾಸ್ಟೆಲ್ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ.

ರಾಫ್ಟಿಂಗ್ ದುಬಾರೆಯಲ್ಲಿ. ಹೊಳೆ ತುಂಬಿದ್ದರೆ ಬಿಡುವುದಿಲ್ಲ, ದಿನಾಂಕ ಬದಲಾಗುತ್ತದೆ. ಈಜು ಬರದಿದ್ದರೂ ನಡೆಯುತ್ತದೆ, ಲೈಫ್ ಜಾಕೆಟ್ಟಿನ ಪಟ್ಟಿ ಮಾತ್ರ ಬಿಗಿಯಾಗಿರಲಿ. ನೀರಿಗೆ ಬಿದ್ದರೆ ಅಂಗಾತ ಮಲಗಿ, ಕಾಲು ಹೊಳೆ ಹರಿಯುವ ಕಡೆಗೆ ಚಾಚಿ. ಎದ್ದು ನಿಲ್ಲಲು ಹೋದರೆ ಕಾಲು ಬಂಡೆ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಇದಕ್ಕೂ ವ್ಯಾನಿಗೂ ಸೇರಿ ತಲೆಗೆ 900 ರೂಪಾಯಿ. ಎಲ್ಲ ಸೇರಿ ನನಗೆ ಮೂರು ಸಾವಿರದ ಹತ್ತಿರ ಆಯಿತು. ಅದರಲ್ಲಿ 180 ಶುದ್ಧ ದಂಡ.

ಕೊನೆಯ ಅಂಕಗಳು ಆರು ವಾರದ ದಿನಚರಿ ಪುಸ್ತಕಕ್ಕೆ. ಸರ್ ಕೇಳಿದ್ದು ಒಂದೇ ಪ್ರಶ್ನೆ. ಕೋರ್ಸು, ವ್ಯಾನು, ಗೆಳೆಯರು ಯಾರೂ ಇಲ್ಲದೆ, ಐವತ್ತನೇ ವಯಸ್ಸಿನಲ್ಲೂ ನೀವು ಮಾಡುವುದು ಏನು? ಅದನ್ನು ಈಗಲೇ ಮನೆಯವರೊಬ್ಬರ ಜೊತೆ ಮಾಡಿ ಬರೆಯಿರಿ. ವರ್ಷಕ್ಕೊಂದು ಬೆಟ್ಟ ಅಂತ ಬರೆದವರಿಗೆ ಅಂಕ ಕಡಿಮೆ ಬಂತು.

ನನ್ನ ಮನೆಯವರು ಅಂದರೆ ಅಮ್ಮ. ಅವಳ ಪ್ರಶ್ನೆ ಇನ್ನೂ ನನ್ನ ತಲೆಯಲ್ಲಿತ್ತು. ಕ್ಲಾಸಿನಲ್ಲೇ ಕೇಳಿಬಿಟ್ಟೆ. ನಮ್ಮಮ್ಮ ಇಡೀ ದಿನ ಏರಿಳಿಯುತ್ತಾಳೆ, 150 ನಿಮಿಷ ಅವಳಿಗೆ ಅರ್ಧ ದಿನದ ಲೆಕ್ಕ, ಆದರೂ ಮಂಡಿ ನೋವು, ಸೊಂಟ ನೋವು ಯಾಕೆ? ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ನೀನು ಬೆಟ್ಟದಲ್ಲಿ ದಣಿದಾಗ ಏನು ಮಾಡಿದೆ ಅಂತ ಕೇಳಿದರು. ಕೂತೆ ಅಂದೆ. "ಅವರು ಕೂರೋ ಹಾಗಿದೆಯಾ?" ಅಂದರು. ಕೊಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕ. ಒಂದೇ ಭಂಗಿ, ತಲೆ ಮೇಲೆ ಮೂಟೆ, ಸಾಕು ಅನ್ನುವ ಅಧಿಕಾರ ಕೈಯಲ್ಲಿ ಇಲ್ಲ. ಕೆಲಸದ ದಣಿವು ಬಿಡುವಿನ ವ್ಯಾಯಾಮದಷ್ಟು ಮೈಗೆ ಒಳ್ಳೆಯದು ಮಾಡುವುದಿಲ್ಲ ಅಂತ ಸಂಶೋಧನೆಗಳೂ ಹೇಳುತ್ತವೆ ಅಂದರು.

ಅಮ್ಮನಿಗೆ ಇದನ್ನು ಹೇಳಿದೆ. "ಇದನ್ನ ಹೇಳೋಕೆ ಸಂಶೋಧನೆ ಬೇಕಾ?" ಅಂದಳು.

ಭಾನುವಾರ ಸಂಜೆ ನಾಲ್ಕೂವರೆಗೆ ಅವಳನ್ನು ಹೊರಡಿಸಿದೆ. ಲೈನ್‌ನಿಂದ ಕೆರೆ ಏರಿಯ ತನಕ, ಅಲ್ಲಿಂದ ಗದ್ದೆ ಬದು ಹಿಡಿದು ವಾಪಸ್. ಕತ್ತಲಾಗುವ ಮೊದಲು ಮನೆ ಸೇರಬೇಕು, ಆನೆಗಳ ಹೊತ್ತು. ಮೊದಲ ವಾರ ಕೈ ಏನು ಮಾಡಬೇಕು ಅಂತ ಅವಳಿಗೆ ಗೊತ್ತಾಗಲಿಲ್ಲ. ಬರಿಗೈಯಲ್ಲಿ ನಡೆದೇ ಅಭ್ಯಾಸವಿಲ್ಲ. ದಾರಿಯಲ್ಲಿ ಬಿದ್ದ ಸಿಲ್ವರ್ ಓಕ್ ಪುಳ್ಳೆ ಆರಿಸುತ್ತಾ ಬಂದಳು. ಮನೆ ಸೇರುವಾಗ ತಲೆ ಮೇಲೆ ಒಂದು ಹೊರೆ. ದಿನಚರಿಯಲ್ಲಿ 45 ನಿಮಿಷ ಅಂತ ಬರೆದೆ, ಹೊರೆಯ ವಿಷಯ ಬರೆಯಲಿಲ್ಲ.

ನಾಲ್ಕನೇ ಭಾನುವಾರ ಕೆರೆ ಏರಿಯ ಮೇಲೆ ತೋಟದ ಲೆಕ್ಕ ಬರೆಯುವ ರೈಟರು ಎದುರಾದರು. ಇಬ್ಬರನ್ನೂ ನೋಡಿ ಬೈಕ್ ನಿಲ್ಲಿಸಿದರು.

"ಏನಮ್ಮ, ಏನಾದ್ರೂ ಕಳೆದುಹೋಯ್ತಾ? ಹುಡುಕ್ತಾ ಇದ್ದೀರಾ?"

ಅಮ್ಮ ಸೆರಗು ಸರಿಮಾಡಿಕೊಂಡಳು. "ಇಲ್ಲ ಸಾರ್, ಸುಮ್ನೆ ನಡೀತಾ ಇದ್ದೀವಿ" ಅಂದಳು. ಬೈಕ್ ಮರೆಯಾಗುವ ತನಕ ತಡೆದುಕೊಂಡವಳು ಆಮೇಲೆ ಏರಿಯ ಮೇಲೆಯೇ ಕೂತು ನಗತೊಡಗಿದಳು. ಆ ವಾರ 70 ನಿಮಿಷ ಆಯಿತು. ಅದರಲ್ಲಿ ಕೂತದ್ದೇ ಇಪ್ಪತ್ತು.